ಡೇಟಾ ಸೋರಿಕೆ ಸೆಟಲ್‌ಮೆಂಟ್: ನಿಮ್ಮ ಪಾಲಿನ ಪರಿಹಾರ ಕೇಳುವುದು ಹೇಗೆ?

ಅಮೆರಿಕದಲ್ಲಿರುವ ಓದುಗರು, ಅಲ್ಲಿ ಕೆಲವು ವರ್ಷ ಇದ್ದು ವಾಪಸ್ ಬಂದವರು ಪದೇ ಪದೇ ಕೇಳುವ ಪ್ರಶ್ನೆ ಇದು. "ಯಾವುದೋ ಕಂಪನಿಯಿಂದ ನನ್ನ ಮಾಹಿತಿ ಸೋರಿಕೆಯಾಗಿದೆಯಂತೆ, ಪರಿಹಾರಕ್ಕೆ ಅರ್ಜಿ ಹಾಕಿ ಅಂತ ಕಾರ್ಡ್ ಬಂದಿದೆ. ಇದು ನಿಜಾನಾ? ಹಾಕಿದರೆ ಏನಾದರೂ ಸಿಗುತ್ತಾ? ವಕೀಲರನ್ನು ಹಿಡಿಯಬೇಕಾ?"

ಚಿಕ್ಕ ಉತ್ತರ ಹೀಗಿದೆ. ನಿಜ ಇರಬಹುದು, ಆದರೆ ಮೊದಲು ನೀವೇ ಪರೀಕ್ಷಿಸಿ ನೋಡಬೇಕು. ಸಿಗುತ್ತದೆ, ಆದರೆ ಎಷ್ಟು ಎನ್ನುವುದು ನಿಮ್ಮ ಹತ್ತಿರ ಇರುವ ಕಾಗದಪತ್ರದ ಮೇಲೆ ನಿಂತಿದೆ. ವಕೀಲರನ್ನು ಹಿಡಿಯುವುದು ಬೇಡ, ಅರ್ಜಿಗೆ ಶುಲ್ಕವೂ ಇಲ್ಲ. ಉದ್ದನೆಯ ಉತ್ತರ ಕೆಳಗಿದೆ. ಸ್ವಲ್ಪ ಸಮಯ ತೆಗೆದುಕೊಂಡು ಓದಿ. ಗಡುವು ಮುಗಿದ ಮೇಲೆ ಬರುವ ಪ್ರಶ್ನೆಗಳಿಗೆ ನಾನು ಕೊಡಬಹುದಾದ ಉತ್ತರ ತುಂಬಾ ಚಿಕ್ಕದು, ಅದು ನನಗೂ ಬೇಸರದ ಸಂಗತಿ.

ಮೊದಲು, ನಡೆಯುತ್ತಿರುವುದು ಏನು?

ಕಂಪನಿಯೊಂದರ ಕಂಪ್ಯೂಟರ್‌ಗಳಿಗೆ ಕಳ್ಳರು ನುಗ್ಗಿ ಗ್ರಾಹಕರ ಹೆಸರು, ವಿಳಾಸ, ಹುಟ್ಟಿದ ದಿನ, ಸೋಶಿಯಲ್ ಸೆಕ್ಯುರಿಟಿ ನಂಬರ್ (ಅಮೆರಿಕದಲ್ಲಿ ಟ್ಯಾಕ್ಸ್, ಸಾಲಗಳಿಗೆ ಬೇಕಾಗುವ ಸರ್ಕಾರಿ ಗುರುತಿನ ಸಂಖ್ಯೆ) ಮುಂತಾದವನ್ನು ಕದ್ದರೆ ಅದು ಡೇಟಾ ಬ್ರೀಚ್. ಇದರಿಂದ ತೊಂದರೆಯಾದ ಒಬ್ಬೊಬ್ಬರೂ ಬೇರೆ ಬೇರೆಯಾಗಿ ಕೋರ್ಟಿಗೆ ಹೋದರೆ ಬರುವ ಹಣಕ್ಕಿಂತ ಖರ್ಚೇ ಜಾಸ್ತಿ. ಅದಕ್ಕೇ ಕೆಲವರು ಮುಂದೆ ಬಂದು ಎಲ್ಲರ ಪರವಾಗಿ ಒಂದು ಕೇಸು ಹಾಕುತ್ತಾರೆ. ಇದಕ್ಕೆ ಕ್ಲಾಸ್ ಆಕ್ಷನ್ ಎನ್ನುತ್ತಾರೆ. ಸೋರಿಕೆಗೆ ಸಿಕ್ಕವರ ಇಡೀ ಗುಂಪೇ "ಕ್ಲಾಸ್", ಅದರಲ್ಲಿರುವ ನೀವು "ಕ್ಲಾಸ್ ಮೆಂಬರ್".

ಬಹಳಷ್ಟು ಕೇಸುಗಳು ತೀರ್ಪಿನವರೆಗೆ ಹೋಗುವುದಿಲ್ಲ. ತಪ್ಪು ನಮ್ಮದು ಎಂದು ಒಪ್ಪಿಕೊಳ್ಳದೆಯೇ ಕಂಪನಿ ಇಷ್ಟು ಹಣ ಕೊಡುತ್ತೇನೆ ಎನ್ನುತ್ತದೆ, ಎದುರಿನ ವಕೀಲರು ಒಪ್ಪುತ್ತಾರೆ, ನ್ಯಾಯಾಧೀಶರು ಒಪ್ಪಂದವನ್ನು ಪರಿಶೀಲಿಸುತ್ತಾರೆ. ಇದೇ ಸೆಟಲ್‌ಮೆಂಟ್. ಮೊತ್ತಗಳು ದೊಡ್ಡವೇ. ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್ ಎಂಬ ಕಂಪನಿಯಿಂದ ಆಗಿ 2017ರಲ್ಲಿ ಬಯಲಾದ ಸೋರಿಕೆಯಲ್ಲಿ ಸುಮಾರು 14.7 ಕೋಟಿ ಜನರ ಮಾಹಿತಿ ಹೋಗಿತ್ತು. 2019ರ ಒಪ್ಪಂದದಲ್ಲಿ ಜನರಿಗಾಗಿ 42.5 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿತು. ಟಿ-ಮೊಬೈಲ್ 35 ಕೋಟಿ, ಕ್ಯಾಪಿಟಲ್ ಒನ್ 19 ಕೋಟಿ, ಎಟಿ ಅಂಡ್ ಟಿ 17.7 ಕೋಟಿ ಡಾಲರ್‌ಗೆ ತಮ್ಮ ತಮ್ಮ ಕೇಸುಗಳಲ್ಲಿ ಒಪ್ಪಿಕೊಂಡವು.

ಈ ಹಣವನ್ನು ಹಂಚುವುದು ಕಂಪನಿಯಲ್ಲ. ಕೋರ್ಟ್ ಒಪ್ಪಿದ ಮೂರನೆಯ ಸಂಸ್ಥೆಯೊಂದು ಹಂಚುತ್ತದೆ. ಇದರ ಹೆಸರು ಸೆಟಲ್‌ಮೆಂಟ್ ಅಡ್ಮಿನಿಸ್ಟ್ರೇಟರ್. ಕ್ರೋಲ್, ಎಪಿಕ್, ಜೆಎನ್‌ಡಿ, ಆಂಜಿಯನ್ ಇಂಥ ಹೆಸರುಗಳು ನಿಮ್ಮ ಕಾರ್ಡಿನ ಮೇಲೆ ಕಾಣಿಸಬಹುದು. ಕೇಳಿಲ್ಲದ ಹೆಸರು ಅಂತ ಮಾತ್ರಕ್ಕೆ ಕಾರ್ಡನ್ನು ಕಸದ ಬುಟ್ಟಿಗೆ ಹಾಕಬೇಡಿ. ಬಹಳ ಜನ ಮಾಡುವುದು ಇದನ್ನೇ.

ಹಂತ 1: ಬಂದ ನೋಟಿಸ್ ಅಸಲಿಯೇ ನೋಡಿ

ಮೇಲ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ. ಅಂಚೆ ಕಾರ್ಡ್‌ನಲ್ಲಿರುವ ಕ್ಯೂಆರ್ ಕೋಡ್ ಕೂಡ ಸದ್ಯಕ್ಕೆ ಬೇಡ. ಕಾರ್ಡನ್ನು ಕೈಯಲ್ಲಿ ಹಿಡಿದು ನಾಲ್ಕು ವಿಷಯ ಹುಡುಕಿ: ಕೋರ್ಟಿನ ಹೆಸರು, ಕೇಸ್ ನಂಬರ್, ಅಡ್ಮಿನಿಸ್ಟ್ರೇಟರ್ ಹೆಸರು, ನಿಮಗೆ ಕೊಟ್ಟ ಗುರುತಿನ ಸಂಖ್ಯೆ. ಈ ಕೊನೆಯದನ್ನು ನೋಟಿಸ್ ಐಡಿ, ಕ್ಲಾಸ್ ಮೆಂಬರ್ ಐಡಿ ಅಥವಾ ಯುನೀಕ್ ಐಡಿ ಎಂದು ಬರೆದಿರುತ್ತಾರೆ. ಕೆಲವೊಮ್ಮೆ ಜೊತೆಗೆ ಪಿನ್ ಕೂಡ ಇರುತ್ತದೆ.

ಕೇಸ್ ನಂಬರ್ ಸಿಕ್ಕಿದರೆ ಪರೀಕ್ಷೆ ಸುಲಭ. ಅಮೆರಿಕದ ಫೆಡರಲ್ ಕೋರ್ಟ್‌ಗಳ ದಾಖಲೆಗಳು ಪೇಸರ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ಸಿಗುತ್ತವೆ. ಪುಟಕ್ಕೆ 10 ಸೆಂಟ್. ಮೂರು ತಿಂಗಳಲ್ಲಿ 30 ಡಾಲರ್ ದಾಟದಿದ್ದರೆ ಅದನ್ನೂ ಮನ್ನಾ ಮಾಡುತ್ತಾರೆ. ಕೋರ್ಟ್‌ಲಿಸನರ್ ಎಂಬ ತಾಣದಲ್ಲಿ ಎಷ್ಟೋ ಕೇಸುಗಳ ಕಾಗದಗಳು ಪುಕ್ಕಟೆಯಾಗಿ ಸಿಗುತ್ತವೆ. ಅಲ್ಲಿ "ಪ್ರಿಲಿಮಿನರಿ ಅಪ್ರೂವಲ್" ಆದೇಶ, ಅಂದರೆ ಒಪ್ಪಂದಕ್ಕೆ ನ್ಯಾಯಾಧೀಶರು ಕೊಡುವ ಮೊದಲ ಒಪ್ಪಿಗೆ ಇದ್ದರೆ, ಅದರಲ್ಲೇ ಅಡ್ಮಿನಿಸ್ಟ್ರೇಟರ್ ಯಾರು ಎನ್ನುವುದು ಬರೆದಿರುತ್ತದೆ. ಸೆಟಲ್‌ಮೆಂಟ್‌ನ ವೆಬ್ ವಿಳಾಸವೂ ಆದೇಶದಲ್ಲೋ ಅದಕ್ಕೆ ಲಗತ್ತಿಸಿದ ನೋಟಿಸ್ ಮಾದರಿಯಲ್ಲೋ ಬಹಳ ಸಲ ಸಿಗುತ್ತದೆ. ಆ ವಿಳಾಸವನ್ನು ನೀವೇ ಟೈಪ್ ಮಾಡಿ ಹೋಗಿ.

ಇಷ್ಟೊಂದು ಎಚ್ಚರಿಕೆ ಯಾಕೆ ಅಂತ ಕೇಳಬಹುದು. 2017ರ ಸೆಪ್ಟೆಂಬರ್‌ನಲ್ಲಿ ಈಕ್ವಿಫ್ಯಾಕ್ಸ್ ತನ್ನ ಗ್ರಾಹಕರಿಗಾಗಿ ಒಂದು ಹೊಸ ತಾಣ ಮಾಡಿತ್ತು. ಅದರ ಹೆಸರಿನ ಪದಗಳನ್ನು ಹಿಂದೆಮುಂದೆ ಮಾಡಿ ಒಬ್ಬ ಡೆವಲಪರ್ ನಕಲಿ ತಾಣ ಕಟ್ಟಿದರು. ಜನ ಮೋಸ ಹೋಗುವುದು ಎಷ್ಟು ಸುಲಭ ಎಂದು ತೋರಿಸುವುದೇ ಅವರ ಉದ್ದೇಶವಾಗಿತ್ತು. ಕಂಪನಿಯ ಸ್ವಂತ ಟ್ವಿಟರ್ ಖಾತೆಯೇ ಆ ನಕಲಿ ತಾಣದ ಲಿಂಕನ್ನು ಜನರಿಗೆ ಕೊಟ್ಟುಬಿಟ್ಟಿತು. ಮುಂದೆ 2019ರಲ್ಲಿ ಸೆಟಲ್‌ಮೆಂಟ್ ಶುರುವಾದಾಗಲೂ ನಕಲಿ ತಾಣಗಳ ಬಗ್ಗೆ ಎಫ್‌ಟಿಸಿ, ಅಂದರೆ ಗ್ರಾಹಕರ ಹಿತ ಕಾಯುವ ಫೆಡರಲ್ ಟ್ರೇಡ್ ಕಮಿಷನ್, ಎಚ್ಚರಿಕೆ ಕೊಡಬೇಕಾಯಿತು.

ಒಂದು ಗಟ್ಟಿ ನಿಯಮ ನೆನಪಿಡಿ. ಕ್ಲೈಮ್ ಹಾಕಲು ಯಾರಾದರೂ ದುಡ್ಡು ಕೇಳಿದರೆ ಅದು ಮೋಸ. "ಪ್ರೊಸೆಸಿಂಗ್ ಫೀ", "ಬೇಗ ಬಿಡುಗಡೆ ಮಾಡಿಸಲು ಫೀ" ಎಂದು ಫೋನ್ ಬಂದರೂ ಅಷ್ಟೇ, ಕಟ್ ಮಾಡಿ.

ಹಂತ 2: ನೀವು ಆ ಕ್ಲಾಸ್‌ನಲ್ಲಿ ಇದ್ದೀರಾ?

ನೋಟಿಸ್ ಬಂದಿದ್ದರೆ ಬಹುಮಟ್ಟಿಗೆ ಇದ್ದೀರಿ ಎಂದೇ ಅರ್ಥ. ಬಂದಿಲ್ಲ ಎಂದರೆ ಇಲ್ಲ ಎಂದು ಅರ್ಥವಲ್ಲ. ಮನೆ ಬದಲಿಸಿದವರ ಕಾರ್ಡ್ ಹಳೆಯ ವಿಳಾಸಕ್ಕೆ ಹೋಗಿರುತ್ತದೆ, ಮೇಲ್ ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಸೆಟಲ್‌ಮೆಂಟ್ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ, ಆಗ ಇದ್ದ ಹೆಸರು, ವಿಳಾಸ, ಮೇಲ್ ಐಡಿ ಹೇಳಿ. ಪಟ್ಟಿಯಲ್ಲಿ ಇದ್ದರೆ ನಿಮ್ಮ ಐಡಿ ಹುಡುಕಿ ಕೊಡುತ್ತಾರೆ.

"ಕ್ಲಾಸ್ ಡೆಫಿನಿಷನ್" ಎಂಬ ಸಾಲನ್ನು ಮಾತ್ರ ತಪ್ಪದೇ ಓದಿ. ಪರಿಹಾರ ಯಾರಿಗೆ, ಯಾರಿಗಿಲ್ಲ ಎಂದು ಅದರಲ್ಲಿರುತ್ತದೆ. ಯಾಹೂ ಕೇಸನ್ನೇ ನೋಡಿ. 2013ರ ಒಂದೇ ಸೋರಿಕೆಯಲ್ಲಿ ಜಗತ್ತಿನಾದ್ಯಂತ 300 ಕೋಟಿ ಖಾತೆಗಳ ಮಾಹಿತಿ ಹೋಯಿತು. ಆದರೆ 11.75 ಕೋಟಿ ಡಾಲರ್‌ನ ಸೆಟಲ್‌ಮೆಂಟ್ ಅಮೆರಿಕ ಮತ್ತು ಇಸ್ರೇಲ್ ನಿವಾಸಿಗಳಿಗೆ ಮಾತ್ರ ಇತ್ತು.

ವೀಸಾದ ಮೇಲೆ ಇರುವವರು ಹೆದರಿಕೊಂಡು ಕೇಳುತ್ತಾರೆ, ನಾವು ಹಾಕಬಹುದಾ ಅಂತ. ಈ ಡೆಫಿನಿಷನ್‌ಗಳು ಸಾಮಾನ್ಯವಾಗಿ ನೋಡುವುದು ನೀವು ಎಲ್ಲಿ ವಾಸವಿದ್ದಿರಿ, ನಿಮ್ಮ ಮಾಹಿತಿ ಹೋಯಿತೇ ಎನ್ನುವುದನ್ನು. ಪೌರತ್ವವನ್ನಲ್ಲ. ಫಾರ್ಮ್‌ನಲ್ಲಿ ವೀಸಾದ ಬಗ್ಗೆ ಪ್ರಶ್ನೆಯೂ ಸಾಮಾನ್ಯವಾಗಿ ಇರುವುದಿಲ್ಲ. ನಿಮ್ಮ ಹಕ್ಕಿನದ್ದನ್ನು ನೀವು ಕೇಳುತ್ತಿದ್ದೀರಿ, ಅಳುಕು ಬೇಡ.

ಗಂಡ ಹೆಂಡತಿ ಇಬ್ಬರಿಗೂ ನೋಟಿಸ್ ಬಂದಿದ್ದರೆ ಎರಡು ಪ್ರತ್ಯೇಕ ಕ್ಲೈಮ್ ಹಾಕಬೇಕು. ಮಕ್ಕಳ ಮಾಹಿತಿ ಹೋಗಿದ್ದರೆ ಅವರ ಪರವಾಗಿ ಅಪ್ಪ ಅಮ್ಮ ಹಾಕಬಹುದು.

ಹಂತ 3: ತಾರೀಕುಗಳನ್ನು ಬರೆದಿಟ್ಟುಕೊಳ್ಳಿ

ಪ್ರತಿ ಸೆಟಲ್‌ಮೆಂಟ್‌ನಲ್ಲೂ ಮೂರು ತಾರೀಕುಗಳು ಮುಖ್ಯ. ಒಂದು, ಕ್ಲೈಮ್ ಹಾಕಲು ಕೊನೆಯ ದಿನ. ಎರಡು, ಆಪ್ಟ್ ಔಟ್ ಅಥವಾ ಅಬ್ಜೆಕ್ಷನ್‌ಗೆ ಕೊನೆಯ ದಿನ. ಮೂರು, ಫೈನಲ್ ಅಪ್ರೂವಲ್ ಹಿಯರಿಂಗ್, ಅಂದರೆ ಒಪ್ಪಂದ ನ್ಯಾಯವಾಗಿದೆಯೇ ಎಂದು ನ್ಯಾಯಾಧೀಶರು ಕೊನೆಯದಾಗಿ ನೋಡುವ ದಿನ.

ಆಪ್ಟ್ ಔಟ್ ಎಂದರೆ "ನನಗೆ ಈ ಒಪ್ಪಂದ ಬೇಡ, ನನ್ನನ್ನು ಬಿಟ್ಟುಬಿಡಿ, ನಾನೇ ಬೇರೆ ಕೇಸು ಹಾಕುವ ಹಕ್ಕು ಉಳಿಸಿಕೊಳ್ಳುತ್ತೇನೆ" ಎನ್ನುವುದು. ಅಬ್ಜೆಕ್ಷನ್ ಎಂದರೆ ಒಳಗೇ ಇದ್ದುಕೊಂಡು, ಒಪ್ಪಂದ ಸರಿಯಿಲ್ಲ ಎಂದು ಕೋರ್ಟಿಗೆ ಬರೆಯುವುದು. ಸೋರಿಕೆಯಿಂದ ನಿಮಗೆ ಹತ್ತಾರು ಸಾವಿರ ಡಾಲರ್ ನಷ್ಟವಾಗಿದ್ದರೆ, ಆಪ್ಟ್ ಔಟ್ ಬಗ್ಗೆ ತೀರ್ಮಾನಿಸುವ ಮೊದಲು ಒಬ್ಬ ವಕೀಲರ ಹತ್ತಿರ ಮಾತಾಡಿ. ಉಳಿದವರಿಗೆ ಕ್ಲೈಮ್ ಹಾಕುವುದೇ ದಾರಿ.

ಇನ್ನೊಂದು ದಾರಿ ಇದೆ, ಏನೂ ಮಾಡದಿರುವುದು. ಇದು ಎಲ್ಲಕ್ಕಿಂತ ಕೆಟ್ಟದ್ದು. ಸುಮ್ನೆ ಕೂತರೂ ನೀವು ಕ್ಲಾಸ್‌ನ ಒಳಗೇ ಇರುತ್ತೀರಿ. ಈ ಸೋರಿಕೆಯ ಬಗ್ಗೆ ಮುಂದೆ ಕೇಸು ಹಾಕುವ ಹಕ್ಕು ಹೋಗುತ್ತದೆ, ಕೈಗೆ ಹಣವೂ ಬರುವುದಿಲ್ಲ.

ಆನ್‌ಲೈನ್ ಗಡುವು ಸಾಮಾನ್ಯವಾಗಿ ರಾತ್ರಿ 11:59ಕ್ಕೆ ಮುಗಿಯುತ್ತದೆ. ಅದು ಅಮೆರಿಕದ ಯಾವ ಭಾಗದ ಸಮಯ ಎಂದು ನೋಡಿಕೊಳ್ಳಿ. ಅಂಚೆಯಲ್ಲಿ ಕಳಿಸುವುದಾದರೆ ಆ ದಿನದೊಳಗೆ ಅಂಚೆ ಮುದ್ರೆ ಬಿದ್ದಿರಬೇಕೋ, ಕಾಗದ ಅವರ ಕೈ ಸೇರಿರಬೇಕೋ, ಅದನ್ನೂ ಓದಿ. ಎರಡಕ್ಕೂ ಬಹಳ ವ್ಯತ್ಯಾಸವಿದೆ.

ಹಂತ 4: ಯಾವುದನ್ನು ಕೇಳಬೇಕು?

ಹೆಚ್ಚಿನವರು ಎಡವುವುದು ಇಲ್ಲೇ. ಸುದ್ದಿಯಲ್ಲಿ "5,000 ಡಾಲರ್‌ವರೆಗೆ ಪಡೆಯಿರಿ" ಎಂದು ಬಂದಿರುತ್ತದೆ. ಅದು ಮಿತಿ, ಭರವಸೆಯಲ್ಲ. ಫಾರ್ಮ್ ತೆರೆದರೆ ಸಾಮಾನ್ಯವಾಗಿ ಈ ಬಗೆಯ ಪರಿಹಾರಗಳಲ್ಲಿ ಕೆಲವು ಅಥವಾ ಎಲ್ಲವೂ ಇರುತ್ತವೆ.

*ದಾಖಲೆ ಇರುವ ನಷ್ಟ.* ಸೋರಿಕೆಯಿಂದಾಗಿ ನಿಮ್ಮ ಜೇಬಿನಿಂದ ನಿಜವಾಗಿ ಹೋದ ಹಣ. ಎಟಿ ಅಂಡ್ ಟಿ ಒಪ್ಪಂದದಲ್ಲಿ ಎರಡು ಸೋರಿಕೆಗಳಿಗೆ ಕ್ರಮವಾಗಿ 5,000 ಮತ್ತು 2,500 ಡಾಲರ್ ಮಿತಿ ಇತ್ತು. ಈಕ್ವಿಫ್ಯಾಕ್ಸ್‌ನಲ್ಲಿ 20,000, ಟಿ-ಮೊಬೈಲ್‌ನಲ್ಲಿ 25,000.

*ಕಳೆದ ಸಮಯ.* ಬ್ಯಾಂಕಿಗೆ ಫೋನ್ ಮಾಡಿ ಕಾದಿದ್ದು, ಕಾರ್ಡ್ ಬದಲಿಸಿದ್ದು, ಪೊಲೀಸರಿಗೆ ದೂರು ಕೊಟ್ಟಿದ್ದು, ಇದಕ್ಕೆಲ್ಲ ಗಂಟೆ ಲೆಕ್ಕದ ಹಣ. ಈಕ್ವಿಫ್ಯಾಕ್ಸ್‌ನಲ್ಲಿ ಗಂಟೆಗೆ 25 ಡಾಲರ್‌ನಂತೆ 20 ಗಂಟೆವರೆಗೆ, ಕ್ಯಾಪಿಟಲ್ ಒನ್‌ನಲ್ಲಿ ಕನಿಷ್ಠ ಅದೇ ದರದಲ್ಲಿ 15 ಗಂಟೆವರೆಗೆ ಕೇಳಬಹುದಿತ್ತು.

*ದಾಖಲೆ ಇಲ್ಲದ ನಗದು.* ನೀವು ಕ್ಲಾಸ್ ಮೆಂಬರ್ ಆಗಿದ್ದರೆ ಸಾಕು, ರಸೀದಿ ಬೇಡ. ಇದನ್ನು ಬಹಳ ಸಲ "ಪ್ರೊ ರಾಟಾ" ಲೆಕ್ಕದಲ್ಲಿ ಕೊಡುತ್ತಾರೆ. ಅಂದರೆ ಉಳಿದ ಹಣವನ್ನು ಕೇಳಿದವರ ಸಂಖ್ಯೆಯಿಂದ ಭಾಗಿಸುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಗ್ರಾಹಕರ ಖಾಸಗಿತನದ ಕಾನೂನು ಬಿಗಿಯಾಗಿರುವುದರಿಂದ ಅಲ್ಲಿಯವರಿಗೆ ಕೆಲವು ಒಪ್ಪಂದಗಳಲ್ಲಿ ಹೆಚ್ಚು ಕೊಡುತ್ತಾರೆ. ಟಿ-ಮೊಬೈಲ್‌ನಲ್ಲಿ ಉಳಿದವರಿಗೆ 25 ಡಾಲರ್, ಅಲ್ಲಿಯವರಿಗೆ 100 ಎಂದಿತ್ತು.

*ಕ್ರೆಡಿಟ್ ಮಾನಿಟರಿಂಗ್.* ನಿಮ್ಮ ಹೆಸರಿನಲ್ಲಿ ಯಾರಾದರೂ ಸಾಲ ಅಥವಾ ಕಾರ್ಡ್ ತೆಗೆದರೆ ನಿಮಗೆ ತಿಳಿಸುವ ಸೇವೆ, ಕೆಲವು ವರ್ಷ ಉಚಿತ.

ನಗದಿನ ವಿಷಯದಲ್ಲಿ ಈಕ್ವಿಫ್ಯಾಕ್ಸ್ ಕೇಸಿನಲ್ಲಿ ಏನಾಯಿತು ನೋಡಿ. ಬೇರೆ ಕ್ರೆಡಿಟ್ ಮಾನಿಟರಿಂಗ್ ಇರುವವರು 125 ಡಾಲರ್ ನಗದು ಕೇಳಬಹುದು ಎಂದು ಪ್ರಚಾರವಾಯಿತು. ಆದರೆ ಈ ನಗದಿಗಾಗಿ ಎತ್ತಿಟ್ಟಿದ್ದು 3.1 ಕೋಟಿ ಡಾಲರ್ ಮಾತ್ರ. 125ರಿಂದ ಭಾಗಿಸಿ: 2,48,000 ಜನರಿಗಷ್ಟೇ ಪೂರ್ತಿ ಮೊತ್ತ ಸಾಕಾಗುತ್ತದೆ. ಮಾಹಿತಿ ಹೋಗಿದ್ದು 14.7 ಕೋಟಿ ಜನರದ್ದು! ಕೆಲವೇ ದಿನಗಳಲ್ಲಿ ಲಕ್ಷಗಟ್ಟಲೆ ಜನ ನಗದು ಕೇಳಿದರು. ನಿಮಗೆ ಸಿಗುವುದು ತುಂಬಾ ಕಡಿಮೆ, ಅದರ ಬದಲು ಉಚಿತ ಮಾನಿಟರಿಂಗ್ ತೆಗೆದುಕೊಳ್ಳಿ ಎಂದು ಎಫ್‌ಟಿಸಿಯೇ ಹೇಳಬೇಕಾಯಿತು.

ಹಾಗಾಗಿ ನನ್ನ ಸಲಹೆ ಇದು. ನಿಜವಾಗಿ ಹಣ ಹೋಗಿದ್ದರೆ ಅದನ್ನು ದಾಖಲೆ ಸಮೇತ ಕೇಳಿ. ರಸೀದಿ ಹುಡುಕುವುದು ಯಾರಿಗೆ ಬೇಕು ಅಂತ ಸುಲಭದ ನಗದು ಗುಂಡಿ ಒತ್ತಿಬಿಡಬೇಡಿ. ದಾಖಲೆ ಇರುವ ನಷ್ಟವೂ ಕೆಲವೊಮ್ಮೆ ಕಡಿತವಾಗುತ್ತದೆ, ಆದರೆ ಅದರ ಅಳತೆ ನಿಮಗಾದ ನಷ್ಟ, ಗುಂಪಿನ ಗಾತ್ರವಲ್ಲ. ಎಷ್ಟೋ ಒಪ್ಪಂದಗಳಲ್ಲಿ ನಷ್ಟ, ಸಮಯ, ಮಾನಿಟರಿಂಗ್ ಮೂರನ್ನೂ ಒಟ್ಟಿಗೆ ಕೇಳಬಹುದು. ಕೆಲವದರಲ್ಲಿ ಒಂದನ್ನು ಆರಿಸಿದರೆ ಇನ್ನೊಂದು ಇಲ್ಲ. "ಅಥವಾ" ಎಂದಿದೆಯೋ "ಮತ್ತು" ಎಂದಿದೆಯೋ ಎರಡು ಸಲ ಓದಿ. ಏನೂ ನಷ್ಟವಾಗಿಲ್ಲವೇ? ಆಗ ನಗದು ಕೇಳಿ, ಸಿಕ್ಕಿದಷ್ಟು ಸಿಗಲಿ.

ಹಂತ 5: ದಾಖಲೆ ಕೂಡಿಸಿ

ಇಡೀ ಕೆಲಸದಲ್ಲಿ ಶ್ರಮ ಬೇಡುವುದು ಈ ಹಂತ. ಕ್ಲೈಮ್ ನೋಡುವವರು ಮೂರು ಪ್ರಶ್ನೆ ಕೇಳುತ್ತಾರೆ. ನಷ್ಟ ಆಗಿದ್ದು ನಿಜವೇ? ಅದು ಸೋರಿಕೆಯ ದಿನದ ನಂತರ ಆಗಿದೆಯೇ? ಅದಕ್ಕೂ ಈ ಸೋರಿಕೆಗೂ ಸಂಬಂಧ ಇದೆ ಎಂದು ನಂಬಲು ಕಾರಣವಿದೆಯೇ? ನಿಮ್ಮ ಪ್ರತಿ ಕಾಗದವೂ ಇವುಗಳಲ್ಲಿ ಒಂದಕ್ಕಾದರೂ ಉತ್ತರ ಕೊಡಬೇಕು.

ಇವನ್ನು ಹುಡುಕಿ ತೆಗೆಯಿರಿ:

- ಮೋಸದ ವಹಿವಾಟು ಕಾಣುವ ಬ್ಯಾಂಕ್ ಅಥವಾ ಕಾರ್ಡ್ ಸ್ಟೇಟ್‌ಮೆಂಟ್. ಆ ಸಾಲಿನ ಸುತ್ತ ಗೆರೆ ಎಳೆಯಿರಿ.
- ಬ್ಯಾಂಕ್ ಹಣ ವಾಪಸ್ ಕೊಡಲಿಲ್ಲ ಎನ್ನುವ ಪತ್ರ ಅಥವಾ ಮೇಲ್. ವಾಪಸ್ ಬಂದ ಹಣವನ್ನು ಮತ್ತೆ ಇಲ್ಲಿ ಕೇಳುವಂತಿಲ್ಲ.
- ಪೊಲೀಸ್ ದೂರು, ಅಥವಾ ಎಫ್‌ಟಿಸಿಯ ಐಡೆಂಟಿಟಿಥೆಫ್ಟ್ ಡಾಟ್ ಗವ್ ತಾಣದಲ್ಲಿ ಮಾಡಿದ ರಿಪೋರ್ಟ್.
- ನಿಮ್ಮ ಹೆಸರಿನಲ್ಲಿ ಬೇರೆಯವರು ಟ್ಯಾಕ್ಸ್ ರಿಟರ್ನ್ ಹಾಕಿದ್ದರೆ ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕಳಿಸಿದ ಪತ್ರ, ಗುರುತು ಕಳುವಾಗಿದೆ ಎಂದು ನೀವು ಅವರಿಗೆ ಕಳಿಸಿದ 14039 ಫಾರ್ಮ್‌ನ ಪ್ರತಿ.
- ನೋಟರಿ, ಅಂಚೆ, ಫೋಟೋಕಾಪಿ, ಕ್ರೆಡಿಟ್ ಮಾನಿಟರಿಂಗ್ ಚಂದಾ, ಅಕೌಂಟೆಂಟ್‌ಗೆ ಕೊಟ್ಟ ಫೀ ಇವುಗಳ ರಸೀದಿ.

ಸೋರಿಕೆಯ ಸಮಯದಲ್ಲಿ ಕಂಪನಿಯೇ ಕಳಿಸಿದ ಮೊದಲ ಪತ್ರ ಸಿಕ್ಕರೆ ಅದನ್ನೂ ಇಡಿ. ನಿಮ್ಮ ಯಾವ ಮಾಹಿತಿ ಹೋಯಿತು ಎಂದು ಅದರಲ್ಲಿರುತ್ತದೆ. ಬರೀ ಮೇಲ್ ಐಡಿ ಹೋದ ಕೇಸಿನಲ್ಲಿ ಬ್ಯಾಂಕ್ ಸಾಲದ ಮೋಸವನ್ನು ಜೋಡಿಸುವುದು ಕಷ್ಟ. ಸೋಶಿಯಲ್ ಸೆಕ್ಯುರಿಟಿ ನಂಬರ್ ಹೋಗಿದ್ದರೆ ಆ ಜೋಡಣೆ ಗಟ್ಟಿಯಾಗುತ್ತದೆ.

ಸಮಯದ ಲೆಕ್ಕಕ್ಕೆ ರಸೀದಿ ಇರುವುದಿಲ್ಲ, ಅಲ್ವಾ? ಅಲ್ಲಿ ವಿವರವೇ ನಿಮ್ಮ ಸಾಕ್ಷಿ. "ತುಂಬಾ ಸಮಯ ಹಾಳಾಯಿತು, 10 ಗಂಟೆ" ಎಂದು ಬರೆದರೆ ತಿರಸ್ಕಾರವಾಗುವ ಸಾಧ್ಯತೆ ಹೆಚ್ಚು. ಹೀಗೆ ಬರೆಯಿರಿ (ಕ್ರೆಡಿಟ್ ಬ್ಯೂರೋ ಎಂದರೆ ಈಕ್ವಿಫ್ಯಾಕ್ಸ್‌ನಂತೆ ಜನರ ಸಾಲದ ದಾಖಲೆ ಇಡುವ ಕಂಪನಿ, ಫ್ರೀಜ್ ಎಂದರೆ ಆ ದಾಖಲೆಗೆ ಹಾಕುವ ಬೀಗ):

ಮಾರ್ಚ್ 4: ಬ್ಯಾಂಕಿಗೆ ಫೋನ್, ಕಾರ್ಡ್ ಬ್ಲಾಕ್ ಮಾಡಿಸಿ ಹೊಸದು ಕೇಳಿದ್ದು, 40 ನಿಮಿಷ.
ಮಾರ್ಚ್ 5: ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಫ್ರೀಜ್ ಹಾಕಿದ್ದು, 1 ಗಂಟೆ.
ಮಾರ್ಚ್ 9: ಹಳೆಯ ಕಾರ್ಡ್‌ನಿಂದ ತಾನಾಗಿ ಹೋಗುತ್ತಿದ್ದ ಕರೆಂಟ್, ಫೋನ್, ಇನ್ಶೂರೆನ್ಸ್ ಬಿಲ್‌ಗಳಿಗೆ ಹೊಸ ಕಾರ್ಡ್ ಜೋಡಿಸಿದ್ದು, 1 ಗಂಟೆ 20 ನಿಮಿಷ.

ಒಟ್ಟು 3 ಗಂಟೆ. ಗಂಟೆಗೆ 25 ಡಾಲರ್ ದರವಿದ್ದರೆ 75 ಡಾಲರ್. ಹಳೆಯ ಕಾಲ್ ಲಾಗ್, ಮೇಲ್‌ಗಳ ತಾರೀಕು ನೋಡಿದರೆ ದಿನಗಳು ನೆನಪಾಗುತ್ತವೆ. ಇಲ್ಲದ ಗಂಟೆಗಳನ್ನು ಸೇರಿಸಬೇಡಿ. ಫಾರ್ಮ್‌ನ ಕೊನೆಯಲ್ಲಿ "ಪೆನಾಲ್ಟಿ ಆಫ್ ಪರ್ಜರಿ" ಎಂದು ಇರುತ್ತದೆ. ಸುಳ್ಳು ಹೇಳಿದರೆ ಅಪರಾಧ ಎಂದು ಒಪ್ಪಿ ನೀವು ಸಹಿ ಹಾಕುತ್ತಿದ್ದೀರಿ.

ಹಂತ 6: ಫಾರ್ಮ್ ತುಂಬಿ

ಆನ್‌ಲೈನ್ ಒಳ್ಳೆಯದು, ಕಳಿಸಿದ ತಕ್ಷಣ ಕ್ಲೈಮ್ ನಂಬರ್ ಸಿಗುತ್ತದೆ. ನೋಟಿಸ್ ಐಡಿ ಹಾಕಿದರೆ ಹೆಸರು, ವಿಳಾಸ ಕೆಲವೊಮ್ಮೆ ತಾವೇ ಬರುತ್ತವೆ. ಹಳೆಯ ವಿಳಾಸ ಬಂದರೆ ಈಗಿನದ್ದಕ್ಕೆ ಬದಲಿಸಿ. ಹೆಸರಿನ ವಿಷಯದಲ್ಲಿ ನಮ್ಮವರಿಗೆ ಒಂದು ತೊಂದರೆ ಇದ್ದೇ ಇದೆ. ಇನಿಶಿಯಲ್ ಬಿಡಿಸಿ ಬರೆದ ಹೆಸರು, ಅಪ್ಪನ ಹೆಸರೇ ಕೊನೆಯ ಹೆಸರಾಗಿದ್ದು, ಊರಿನ ಹೆಸರು ಸೇರಿದ್ದು, ಹೀಗೆ ಒಂದೊಂದು ಕಡೆ ಒಂದೊಂದು ಥರ ಇರುತ್ತದೆ. ನೋಟಿಸ್‌ನಲ್ಲಿ ಹೇಗಿದೆಯೋ ಹಾಗೇ ಬರೆಯಿರಿ. ಬ್ಯಾಂಕ್ ಖಾತೆಯ ಹೆಸರು ಬೇರೆ ಇದ್ದರೆ ಅಡ್ಮಿನಿಸ್ಟ್ರೇಟರ್‌ಗೆ ಮೊದಲೇ ಮೇಲ್ ಮಾಡಿ ತಿಳಿಸಿ.

ದಾಖಲೆ ಅಪ್‌ಲೋಡ್ ಮಾಡುವ ಮೊದಲು ಬೇಡದ ಮಾಹಿತಿಯನ್ನು ಕಪ್ಪು ಮಾಡಿ. ಖಾತೆ ಸಂಖ್ಯೆಯ ಕೊನೆಯ ನಾಲ್ಕು ಅಂಕಿ ಉಳಿದರೆ ಸಾಕು. ಪೂರ್ತಿ ಸೋಶಿಯಲ್ ಸೆಕ್ಯುರಿಟಿ ನಂಬರ್ ಕಾಣುವ ಕಾಗದವನ್ನು ಹಾಗೇ ಕಳಿಸಬೇಡಿ. ಮೊತ್ತ ದೊಡ್ಡದಿದ್ದರೆ ಟ್ಯಾಕ್ಸ್‌ಗಾಗಿ ಡಬ್ಲ್ಯು-9 ಫಾರ್ಮ್ ಕೇಳಬಹುದು, ಅದರಲ್ಲಿ ಆ ನಂಬರ್ ಕೊಡಲೇಬೇಕಾಗುತ್ತದೆ. ಹಾಗೆ ಕೇಳಿದಾಗ ಅಧಿಕೃತ ತಾಣದ ನಂಬರಿಗೆ ಫೋನ್ ಮಾಡಿ ಖಚಿತಪಡಿಸಿಕೊಂಡ ಮೇಲೇ ಕೊಡಿ.

ಹಣ ಬರುವ ದಾರಿಯನ್ನೂ ಇಲ್ಲೇ ಆರಿಸಬೇಕು: ಚೆಕ್, ಪೇಪಾಲ್, ವೆನ್ಮೋ, ಝೆಲ್, ಪ್ರೀಪೇಯ್ಡ್ ಕಾರ್ಡ್ ಹೀಗೆ. ಹಣ ಬರಲು ವರ್ಷಗಳೇ ಆಗಬಹುದು. ಆದ್ದರಿಂದ ಆಫೀಸಿನ ಮೇಲ್ ಐಡಿ ಕೊಡಬೇಡಿ, ಕೆಲಸ ಬದಲಾದರೆ ಅದು ಹೋಯಿತು. ಗುಂಡಿ ಒತ್ತಿದ ಮೇಲೆ ಬರುವ ಪುಟದ ಸ್ಕ್ರೀನ್‌ಶಾಟ್, ಕ್ಲೈಮ್ ನಂಬರ್, ಕಳಿಸಿದ ದಾಖಲೆಗಳ ಪ್ರತಿ ಎಲ್ಲವನ್ನೂ ಒಂದು ಫೋಲ್ಡರ್‌ನಲ್ಲಿಡಿ.

ಹಂತ 7: ಕಳಿಸಿದ ಮೇಲೆ

ಕಾಯಬೇಕು, ಜಾಸ್ತಿನೇ ಕಾಯಬೇಕು. ಟಿ-ಮೊಬೈಲ್ ಕ್ಲೈಮ್‌ಗಳ ಗಡುವು 2023ರ ಜನವರಿ 23. ವಕೀಲರ ಫೀ ಹೆಚ್ಚಾಯಿತು ಎಂದು ಕೆಲವರು ಮೇಲ್ಮನವಿ ಹಾಕಿದರು, 2024ರಲ್ಲಿ ಮೇಲಿನ ಕೋರ್ಟ್ ಆ ಫೀಯನ್ನು ಒಪ್ಪಲಿಲ್ಲ. ಜನರ ಕೈಗೆ ಹಣ ಬಂದಿದ್ದು 2025ರಲ್ಲಿ. ಈಕ್ವಿಫ್ಯಾಕ್ಸ್‌ನ ಮೊದಲ ಗಡುವು 2020ರ ಜನವರಿ 22, ಹಣ ಹಂಚಲು ಶುರುವಾಗಿದ್ದು 2022ರ ಡಿಸೆಂಬರ್‌ನಲ್ಲಿ.

ಕಾಯುವ ಈ ಸಮಯದಲ್ಲಿ ಬರುವ ಒಂದೊಂದು ಮೇಲ್ ಕೂಡ ಮುಖ್ಯ. "ಡಿಫಿಶಿಯನ್ಸಿ ನೋಟಿಸ್" ಎಂದು ಬಂದರೆ ನಿಮ್ಮ ಅರ್ಜಿಯಲ್ಲಿ ಏನೋ ಕೊರತೆ ಇದೆ, ಇಷ್ಟು ದಿನದೊಳಗೆ ಸರಿಪಡಿಸಿ ಎಂದು ಅರ್ಥ. ತಿರಸ್ಕಾರ ಅಲ್ಲ, ಇನ್ನೊಂದು ಅವಕಾಶ. ಈಕ್ವಿಫ್ಯಾಕ್ಸ್ ಕೇಸಿನಲ್ಲಿ 125 ಡಾಲರ್ ಕೇಳಿದವರಿಗೆ 2019ರ ಸೆಪ್ಟೆಂಬರ್‌ನಲ್ಲಿ ಒಂದು ಮೇಲ್ ಹೋಯಿತು. ನಿಮ್ಮ ಹತ್ತಿರ ಈಗಾಗಲೇ ಇರುವ ಕ್ರೆಡಿಟ್ ಮಾನಿಟರಿಂಗ್ ಸೇವೆ ಯಾವುದು, ಅಕ್ಟೋಬರ್ 15ರೊಳಗೆ ಹೆಸರು ತಿಳಿಸಿ, ಇಲ್ಲವಾದರೆ ನಗದಿನ ಕ್ಲೈಮ್ ರದ್ದು ಎಂದಿತ್ತು. ಅದನ್ನು ಯಾವುದೋ ಜಾಹೀರಾತು ಅಂದುಕೊಂಡು ಬಿಟ್ಟವರ ಕ್ಲೈಮ್ ಅಲ್ಲಿಗೇ ನಿಂತಿತು.

ಚೆಕ್ ಬಂದರೆ ತಡಮಾಡದೆ ಬ್ಯಾಂಕಿಗೆ ಹಾಕಿ. ಈ ಚೆಕ್‌ಗಳಿಗೆ ಆಯುಸ್ಸು ಕಡಿಮೆ, ಬಹಳ ಸಲ 90 ದಿನ. ಮೇಲ್‌ನಲ್ಲಿ ಬರುವ ಡಿಜಿಟಲ್ ಕಾರ್ಡ್‌ಗೂ ಕೊನೆಯ ದಿನ ಇರುತ್ತದೆ. ದಿನ ಮೀರಿದ್ದರೆ ಅಡ್ಮಿನಿಸ್ಟ್ರೇಟರ್‌ಗೆ ಬರೆದು ಮತ್ತೆ ಕಳಿಸಲು ಕೇಳಿ. ಹಣ ಪೂರ್ತಿ ಹಂಚಿ ಮುಗಿಯದಿದ್ದರೆ ಕೆಲವೊಮ್ಮೆ ಕೊಡುತ್ತಾರೆ.

ಅಮೆರಿಕ ಬಿಟ್ಟು ಬಂದವರಿಗೆ

ಸೋರಿಕೆಯ ಸಮಯದಲ್ಲಿ ಅಲ್ಲಿ ವಾಸವಿದ್ದು ಈಗ ಭಾರತದಲ್ಲಿದ್ದರೆ ಕ್ಲಾಸ್ ಡೆಫಿನಿಷನ್‌ನಲ್ಲಿ ಯಾವ ಕಾಲದ ನಿವಾಸ ಎಂದು ಹೇಳಿದ್ದಾರೆ ನೋಡಿ. ಆಗ ಇದ್ದರೆ ಸಾಕು ಎಂದಿದ್ದರೆ ಹಾಕಬಹುದು. ಸ್ಪಷ್ಟವಿಲ್ಲದಿದ್ದರೆ ಅಡ್ಮಿನಿಸ್ಟ್ರೇಟರ್‌ಗೆ ಬರೆದು ಉತ್ತರವನ್ನು ಲಿಖಿತವಾಗಿ ತೆಗೆದುಕೊಳ್ಳಿ. ಆನ್‌ಲೈನ್ ಫಾರ್ಮ್ ಭಾರತದ ವಿಳಾಸ ತೆಗೆದುಕೊಳ್ಳದಿದ್ದರೆ ಕಾಗದದ ಫಾರ್ಮ್ ಇಳಿಸಿಕೊಂಡು ಅಂಚೆಯಲ್ಲಿ ಕಳಿಸಿ. ಡಾಲರ್ ಚೆಕ್ ತರಿಸಿಕೊಳ್ಳಲು ಹೋಗಬೇಡಿ. ಅದನ್ನು ಇಲ್ಲಿ ನಗದು ಮಾಡಿಸುವುದರೊಳಗೆ ಸಾಕುಬೇಕಾಗುತ್ತದೆ, ಚಿಕ್ಕ ಮೊತ್ತವಾದರೆ ಬ್ಯಾಂಕ್ ಶುಲ್ಕಕ್ಕೇ ಹೋಗಿಬಿಡಬಹುದು. ಅಲ್ಲಿಯ ಬ್ಯಾಂಕ್ ಖಾತೆ ಇನ್ನೂ ಇದ್ದರೆ ಎಲೆಕ್ಟ್ರಾನಿಕ್ ಪಾವತಿ ಆರಿಸಿ.

ಅಲ್ಲಿಂದ ಬಂದರೂ ನಿಮ್ಮ ಸೋಶಿಯಲ್ ಸೆಕ್ಯುರಿಟಿ ನಂಬರ್ ಹಾಗೇ ಇರುತ್ತದೆ, ಕಳ್ಳರಿಗೆ ಬೇಕಿರುವುದೂ ಅದೇ. ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಮೂರೂ ಕ್ರೆಡಿಟ್ ಬ್ಯೂರೋಗಳಲ್ಲಿ ಕ್ರೆಡಿಟ್ ಫ್ರೀಜ್ ಹಾಕಿ. ಫ್ರೀಜ್ ಇದ್ದರೆ ಹೊಸದಾಗಿ ಸಾಲ ಕೊಡುವವರಿಗೆ ನಿಮ್ಮ ಕ್ರೆಡಿಟ್ ದಾಖಲೆ ಕಾಣುವುದಿಲ್ಲ, ಹಾಗಾಗಿ ನಿಮ್ಮ ಹೆಸರಿನಲ್ಲಿ ಸಾಲ ಎತ್ತುವುದು ಕಷ್ಟವಾಗುತ್ತದೆ. 2018ರ ಸೆಪ್ಟೆಂಬರ್‌ನಿಂದ ಇದು ದೇಶದಾದ್ಯಂತ ಉಚಿತ.

ಗಡುವು ಮುಗಿದಿದ್ದರೆ?

ಒಂದೆರಡು ದಿನ ತಡವಾಗಿದ್ದರೆ ಆದರೂ ಕಳಿಸಿ, ತಡವಾದ ಕಾರಣವನ್ನು ಎರಡು ಸಾಲಿನಲ್ಲಿ ಬರೆಯಿರಿ. ಕೆಲವು ಕೇಸುಗಳಲ್ಲಿ ಕೋರ್ಟ್ ತಡವಾದ ಕ್ಲೈಮ್‌ಗಳನ್ನೂ ಸೇರಿಸಿಕೊಳ್ಳಲು ಒಪ್ಪುತ್ತದೆ. ಗಡುವನ್ನೇ ಮುಂದೂಡಿರಲೂಬಹುದು. ಎಟಿ ಅಂಡ್ ಟಿ ಕೇಸಿನಲ್ಲಿ ನವೆಂಬರ್ 18 ಎಂದಿದ್ದು 2025ರ ಡಿಸೆಂಬರ್ 18ಕ್ಕೆ ಹೋಯಿತು. ಆದ್ದರಿಂದ ಹಳೆಯ ಸುದ್ದಿಯ ತಾರೀಕು ನಂಬದೆ ಅಧಿಕೃತ ತಾಣದಲ್ಲೇ ನೋಡಿ.

ಕ್ಲೈಮ್ ಹಾಕದವರಿಗೂ ಸಿಗುವ ಸೇವೆಗಳು ಕೆಲವು ಒಪ್ಪಂದಗಳಲ್ಲಿ ಇರುತ್ತವೆ, ಅವನ್ನೂ ಹುಡುಕಿ. ಈಕ್ವಿಫ್ಯಾಕ್ಸ್ ಸೋರಿಕೆಗೆ ಸಿಕ್ಕವರ ಹೆಸರನ್ನು ಯಾರಾದರೂ ದುರುಪಯೋಗ ಮಾಡಿದರೆ, ಅದನ್ನು ಸರಿಪಡಿಸಲು ನೆರವಾಗುವ ಐಡೆಂಟಿಟಿ ರೆಸ್ಟೊರೇಶನ್ ಸೇವೆ 2029ರ ಜನವರಿವರೆಗೆ ಉಚಿತವಾಗಿದೆ. 2019ರಲ್ಲಿ ಅರ್ಜಿ ಹಾಕದಿದ್ದವರೂ ಸೆಟಲ್‌ಮೆಂಟ್ ತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ ಅದನ್ನು ಕೇಳಬಹುದು.